ರತ್ನಕ್ಕನ ರೆಕಾರ್ಡು

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವಾಗ ಅಮ್ಮನ ಎಡಗಡೆಯ ಜಾಗ ನನ್ನದು. ಅಡುಗೆಮನೆಯ ಗೋಡೆಗೆ ಒರಗಿ, ಒಲೆಯ ಬಿಸಿ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂರುತ್ತಿದ್ದೆ. ಅಮ್ಮ ಮುದ್ದೆ ಮುರಿದು ತಟ್ಟೆಗೆ ಇಡುವಾಗ ಅವಳ ಬಳೆ ನನ್ನ ಕಿವಿಗೆ ಸವರಿಕೊಂಡು ಹೋಗುತ್ತಿತ್ತು. ಅಪ್ಪ ಎದುರಿಗೆ ಕೂರುತ್ತಿದ್ದ, ನೆಂಟರು ಬಂದರೆ ಅವನ ಸಾಲಿಗೆ ಸೇರಿಕೊಳ್ಳುತ್ತಿದ್ದರು. ಎಡಗಡೆಗೆ ಯಾರೂ ಬರುತ್ತಿರಲಿಲ್ಲ. ನನಗೆ ಒಂಬತ್ತು ತುಂಬಿದ್ದ ಬೇಸಿಗೆಯ ರಜೆ ಮುಗಿದು, ಶಾಲೆ ಶುರುವಾದ ಮೊದಲ ವಾರದಲ್ಲಿ ಒಂದು ಸಂಜೆ ಮನೆಗೆ ಬಂದು ನೋಡಿದರೆ, ಆ ಜಾಗದಲ್ಲಿ ಉದ್ದ ಜಡೆಯ ಹೆಂಗಸೊಬ್ಬಳು ಕೂತು ನನ್ನ ಲೋಟದಲ್ಲೇ ಕಾಫಿ ಕುಡಿಯುತ್ತಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು, ಒಂದು ಹೊಸ ಕೈಚೀಲ.

"ಬಾ ಗಿರಿಜಾ. ಇವ್ರು ರತ್ನಕ್ಕ ಅಂತ, ಕಂದಿಕೆರೆಯೋರು. ಇನ್ನೊಂದ್ ವರ್ಷ ನಮ್ಮನೇಲೇ ಇರ್ತಾರೆ," ಅಂದಳು ಅಮ್ಮ.

"ನನ್ ಜಾಗದಲ್ಲಿ ಕೂತವ್ರೆ."

"ಜಾಗಕ್ಕೇನು ನಿನ್ ಹೆಸ್ರು ಬರ್ದೈತಾ? ಆ ಕಡೆ ಕೂತ್ಕೋ ಹೋಗು."

ರತ್ನಕ್ಕ ತಟ್ಟನೆ ಏಳಲು ಹೋದಳು. ಅಮ್ಮ ಅವಳ ಭುಜದ ಮೇಲೆ ಕೈಯಿಟ್ಟು ಮತ್ತೆ ಕೂರಿಸಿದಳು. ನನ್ನ ಹೊಟ್ಟೆಯುರಿ ಶುರುವಾದದ್ದು ಆ ಕೈಯಿಂದ. ನನ್ನ ಭುಜದ ಮೇಲೆ ಅಮ್ಮ ಹಾಗೆ ಕೈಯಿಟ್ಟದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅಮ್ಮ ನಮ್ಮೂರಿನ ಶಿಶುವಿಹಾರದ ಟೀಚರು. ದಬ್ಬೇಘಟ್ಟದಿಂದ ಒಂದೂವರೆ ಮೈಲಿ ಒಳಗಿನ ಊರು ನಮ್ಮದು. ಚಿಕ್ಕ ಮಕ್ಕಳಿಗೆ ಪಾಠ ಹೇಳುವುದನ್ನು ಒಂದು ವಿದ್ಯೆ ಎಂದು ಆಗ ಊರಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಮೂಗು ಒರೆಸಿ ಉಪ್ಪಿಟ್ಟು ಹಾಕುವುದಕ್ಕೆ ಪಾಸಾಗುವುದೇನು ಬಂತು ಎನ್ನುತ್ತಿದ್ದರು. ತಿಪಟೂರಿನಲ್ಲಿ ಒಂದು ತರಬೇತಿ ಕೇಂದ್ರವಿತ್ತು. ಅಲ್ಲಿ ಸೇರಿದ ಹೆಂಗಸರು ವಾರಕ್ಕೆ ಎರಡು ದಿನ ಕೇಂದ್ರದಲ್ಲಿ ಪಾಠ ಕೇಳಬೇಕು, ಉಳಿದ ನಾಲ್ಕು ದಿನ ಅನುಭವವಿರುವ ಟೀಚರೊಬ್ಬರ ಕೈಕೆಳಗೆ ಕೆಲಸ ಕಲಿಯಬೇಕು, ಕೊನೆಗೆ ಪರೀಕ್ಷೆ. ರತ್ನಕ್ಕ ಕಂದಿಕೆರೆಯ ಶಿಶುವಿಹಾರದಲ್ಲಿ ಆಯಾ ಆಗಿದ್ದವಳು. ಅಲ್ಲಿನ ಟೀಚರು ಕೆಲಸ ಬಿಡುವವರಿದ್ದರು. ರತ್ನಕ್ಕ ಪಾಸಾದರೆ ಅದೇ ಊರಲ್ಲಿ, ಗಂಡನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಟೀಚರಾಗಬಹುದು. ಅವಳ ಅತ್ತೆ ಒಂದು ವರ್ಷ ಮಾತ್ರ ಬಿಟ್ಟುಕೊಟ್ಟಿದ್ದರು. ಒಂದೇ ವರ್ಷ, ಆಮೇಲೆ ಪಾಸೋ ಫೇಲೋ ಮನೆಗೆ ಬಂದು ಹಸು ನೋಡಿಕೊಳ್ಳಬೇಕು. ಇದೆಲ್ಲ ನನಗೆ ಗೊತ್ತಿತ್ತು. ಊಟದ ಹೊತ್ತಲ್ಲಿ ದಿನಾ ಇದೇ ಮಾತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶವನ್ನು ನಾನು ನನಗೇ ಇಟ್ಟುಕೊಂಡಿಲ್ಲ.

ಅಮ್ಮನ ಪಾಠ ಸಂಜೆ ನಡುಮನೆಯಲ್ಲಿ ನಡೆಯುತ್ತಿತ್ತು. ಪಾಠಕ್ಕೆ ಮಗು ಬೇಕಲ್ಲ, ಅದು ನಾನು. ನಾಲ್ಕನೇ ಕ್ಲಾಸಿನ ಹುಡುಗಿ, ಮಗ್ಗಿ ಬಾಯಿಪಾಠ ಬರುವವಳು, ಮೂರು ವರ್ಷದ ಕೂಸಾಗಬೇಕು.

"ಗಿರಿಜಾ, ಇವತ್ತು ನೀನು ಶಿಶುವಿಹಾರಕ್ಕೆ ಬಂದಿರೋದು ಮೊದಲ್ನೇ ದಿನ. ನಿಮ್ಮಮ್ಮ ಬಿಟ್ಟೋದ್ಲು. ಅಳು."

ನಾನು ಅತ್ತೆ. ರತ್ನಕ್ಕ ನಿಂತಲ್ಲಿಂದಲೇ ಬಗ್ಗಿ, "ಅಳಬಾರ್ದು ಮರಿ, ನೋಡು ಎಲ್ರೂ ನಗ್ತಾವ್ರೆ," ಅಂದಳು.

"ಹಂಗಂದ್ರೆ ಇನ್ನೂ ಜೋರಾಗಿ ಅಳ್ತದೆ ಕಣೇ," ಅಂದಳು ಅಮ್ಮ. "ನಿಂತ್ಕೊಂಡು ಮಾತಾಡ್ಬ್ಯಾಡ. ನಗ್ತಾರೆ ಅಂತ ಹೆದರಿಸ್ಬ್ಯಾಡ. ಅದ್ರ ಕಣ್ಣಿಗೆ ನಿನ್ ಕಣ್ಣು ಸಿಗ್ಬೇಕು. ಹಿಂಗೆ, ನೋಡು."

ಅಮ್ಮ ಮಂಡಿಯೂರಿ ನನ್ನ ಮುಂದೆ ಕೂತಳು. ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈಯಲ್ಲಿ ಸೀಮೆಸುಣ್ಣದ ಪುಡಿ, ಒಗ್ಗರಣೆಯ ವಾಸನೆ. "ಅಮ್ಮ ಬೇಕಾ ನಿಂಗೆ? ಅಮ್ಮ ಬತ್ತಾಳೆ. ಅಲ್ಲೀಗಂಟ ನನ್ ಹತ್ರ ಇರ್ತೀಯಾ?" ಅಂದಳು. ಆ ದನಿ ನಮ್ಮ ಮನೆಯದ್ದಲ್ಲ. ಮನೆಯಲ್ಲಿ ನನಗೆ ಸಿಗುತ್ತಿದ್ದದ್ದು ಶಿಶುವಿಹಾರದ ನಲವತ್ತು ಮಕ್ಕಳು ಹಿಂಡಿ ಮುಗಿಸಿದ ಮೇಲೆ ಉಳಿದ ಅಮ್ಮ, ಲೋಟ ತೊಳಿ, ಕಸ ಹೊಡಿ, ತಲೆ ಬಾಚ್ಕೋ ಎನ್ನುವ ಅಮ್ಮ. ನನ್ನ ಸುಳ್ಳು ಅಳು ಎಲ್ಲೋ ನಿಜದ ಅಳುವಾಗಿಬಿಟ್ಟಿತು. ಅಷ್ಟರಲ್ಲಿ ಅಮ್ಮ ರತ್ನಕ್ಕನ ಕಡೆ ತಿರುಗಿ "ನೋಡ್ದಾ? ಈಗ ನೀನ್ ಮಾಡು" ಎಂದು ನನ್ನ ಕೈ ಬಿಟ್ಟು ಎದ್ದಳು. ರತ್ನಕ್ಕ ಬಂದು ಅದೇ ಜಾಗದಲ್ಲಿ ಮಂಡಿಯೂರಿ ಅದೇ ಮಾತು ಹೇಳಿದಳು. ನಾನು ಅವಳ ಕೈ ಕೊಡವಿ ನೆಲದ ಮೇಲೆ ಬಿದ್ದು ಹೊರಳಾಡಿದೆ, ಕಾಲು ಬಡಿದೆ, ಅವಳ ಸೀರೆಗೆ ಉಗಿದೆ. ಅಮ್ಮ ಬಯ್ಯುತ್ತಾಳೆ, ಆಟ ನಿಲ್ಲುತ್ತದೆ ಎಂದುಕೊಂಡಿದ್ದೆ. ಅಮ್ಮ ಚಪ್ಪಾಳೆ ತಟ್ಟಿದಳು. "ಭೇಷ್! ಇಂಥವೂ ಸಿಗ್ತವೆ ರತ್ನ. ಈಗ ಏನ್ ಮಾಡ್ತೀಯ ಯೋಚ್ನೆ ಮಾಡು," ಅಂದಳು. ನನ್ನ ಸಿಟ್ಟು ಕೂಡ ಅವಳ ಪಾಠಕ್ಕೆ ಉಪಯೋಗವಾಯಿತು.

ರತ್ನಕ್ಕ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನನ್ನ ಜಡೆ ಹೆಣೆಯುತ್ತಿದ್ದಳು, ಹುಣಸೇಹಣ್ಣಿಗೆ ಬೆಲ್ಲ ಜೀರಿಗೆ ಕುಟ್ಟಿ ಉಂಡೆ ಮಾಡಿ ಕೊಡುತ್ತಿದ್ದಳು, ಉಗಿಸಿಕೊಂಡ ಸೀರೆಯನ್ನು ಮಾತಿಲ್ಲದೆ ತಾನೇ ಒಗೆದು ಹರವಿದಳು. ಉಂಡೆ ತಿಂದು ಆಮೇಲೆ ಮುಖ ಊದಿಸಿಕೊಳ್ಳುತ್ತಿದ್ದೆ. ಭಾನುವಾರ ಅಮ್ಮ ನನಗೆ ಎಣ್ಣೆ ಒತ್ತಿ ನೀರು ಹಾಕುವ ಪದ್ಧತಿಯಿತ್ತು. ವಾರದಲ್ಲಿ ಅಮ್ಮನ ಕೈ ಪೂರ್ತಿ ನನ್ನ ತಲೆಯ ಮೇಲೆ ಇರುತ್ತಿದ್ದದ್ದು ಆ ಅರ್ಧ ಗಂಟೆ. ಮಳೆಗಾಲ ಕಳೆಯುವ ಹೊತ್ತಿಗೆ ರತ್ನಕ್ಕನ ತಲೆಯೂ ಸಾಲಿಗೆ ಸೇರಿತು. ಅವಳ ಕೂದಲು ಉದ್ದ, ಒಣಗಲು ಹೊತ್ತು ಬೇಕು, ಅದಕ್ಕೆ ಅವಳದು ಮೊದಲು. ಬಚ್ಚಲ ಬಾಗಿಲಲ್ಲಿ ಲಂಗ ಎತ್ತಿ ಕಟ್ಟಿಕೊಂಡು ನಾನು ನನ್ನ ಸರದಿ ಕಾಯುತ್ತಿದ್ದೆ. ಒಳಗೆ ಅವರಿಬ್ಬರೂ ಮಕ್ಕಳ ಬಗ್ಗೆ ಮಾತಾಡುತ್ತಿದ್ದರು, ಯಾವ ಮಗು ಇನ್ನೂ ಮಾತಾಡುತ್ತಿಲ್ಲ, ಯಾವುದು ಎಡಗೈಯಲ್ಲಿ ಬಳಪ ಹಿಡಿಯುತ್ತದೆ, ಅದನ್ನು ತಿದ್ದಬೇಕೋ ಬೇಡವೋ ಎಂದು. ಎಲ್ಲ ಮಕ್ಕಳ ಮಾತೂ ಬರುತ್ತಿತ್ತು.

ಆ ವರ್ಷದ ದೊಡ್ಡ ಕೆಲಸ ರೆಕಾರ್ಡು. ತರಬೇತಿಗೆ ಬಂದವರು ವರ್ಷವಿಡೀ ಮಾಡಿದ ಪಾಠ, ಕಟ್ಟಿದ ಹಾಡು, ಹೇಳಿದ ಕಥೆ, ತಯಾರಿಸಿದ ಆಟದ ಸಾಮಾನಿನ ಚಿತ್ರ ಎಲ್ಲವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬರೆದು ಅಂಟಿಸಬೇಕು. ಪ್ರತಿ ತಿಂಗಳ ಕೊನೆಗೆ ಅಮ್ಮ ತಿದ್ದಿ ಸಹಿ ಹಾಕಬೇಕು, ತಿಪಟೂರಿನ ಕೇಂದ್ರದವರೂ ನೋಡಿ ಸಹಿ ಹಾಕಬೇಕು. ರತ್ನಕ್ಕನ ರೆಕಾರ್ಡು ಮೊದಲೆರಡು ತಿಂಗಳು ಅಮ್ಮನ ಕೆಂಪು ಶಾಯಿಯಲ್ಲಿ ಮುಳುಗಿಹೋಗಿತ್ತು. ಉದ್ದೇಶ ಬರೆದಿಲ್ಲ, ಮಗು ಏನು ಮಾಡಿತು ಬರೆದಿಲ್ಲ, ನೀನು ಏನು ಮಾಡಿದೆ ಅಂತಲೇ ಬರೆದಿದ್ದೀಯ. ಬರಬರುತ್ತಾ ಕೆಂಪು ಕಡಿಮೆಯಾಯಿತು. ರತ್ನಕ್ಕ ತೆಂಗಿನ ಗರಿಯ ಹಾವು, ಗಾಳಿಗೆ ತಿರುಗುವ ಗಿರಗಿಟ್ಲೆ, ಕರಟದ ತಕ್ಕಡಿ, ನಾರಿನ ಗುಬ್ಬಿಗೂಡು ಮಾಡಿದಳು, ಮಾಡುವ ಬಗೆಯನ್ನು ಚಿತ್ರ ಬರೆದು ಅಂಟಿಸಿದಳು. ಒಂದು ದಿನ ತಾನೇ ಕಟ್ಟಿದ ಹಾಡನ್ನು ಅಭಿನಯ ಮಾಡಿ ತೋರಿಸಿದಳು. ಅಟ್ಟದ ಮೇಲೆ ಕಾಯಣ್ಣ, ಅಲ್ಲಾಡಿಸಿದರೆ ಲೊಟಲೊಟ ಎಂದು ಶುರುವಾಗುವ ಹಾಡು. ಲೊಟಲೊಟ ಎನ್ನುವಾಗ ತಲೆಯನ್ನೇ ಕಾಯಿಯ ಹಾಗೆ ಕುಲುಕಿಸಿದಳು. ಅಮ್ಮ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಆ ಪುಟದ ಕೆಳಗೆ 'ಬಹಳ ಚೆನ್ನಾಗಿದೆ' ಎಂದು ಬರೆದು ಎರಡು ಗೆರೆ ಎಳೆದಳು. ನನ್ನ ಶಾಲೆಯ ಪುಸ್ತಕವನ್ನು ಅಮ್ಮ ತೆರೆದು ನೋಡುತ್ತಿದ್ದದ್ದು ಪರೀಕ್ಷೆಯ ಅಂಕ ಬಂದಾಗ ಮಾತ್ರ, ಅದೂ ನಿಂತುಕೊಂಡೇ.

ಇನ್ನು ನಮ್ಮ ಮನೆಯ ಅಟ್ಟದ ಕೋಣೆಯ ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಉಂಡೆಯಾಗಿ ಕರಟ ಬಿಟ್ಟು, ಅಲ್ಲಾಡಿಸಿದರೆ ಸದ್ದು ಮಾಡಬೇಕು. ನಮ್ಮ ಅಟ್ಟಕ್ಕೆ ಗಾಳಿಯಾಡಲೆಂದು ಸಂದು ಬಿಟ್ಟು ಮರದ ಪಟ್ಟಿ ಹೊಡೆದಿದ್ದರು. ಕೆಳಗಿನ ಕೋಣೆಯಲ್ಲಿ ರಾಗಿ ಪೆಟ್ಟಿಗೆ, ಬೆಲ್ಲದ ಮಡಕೆ, ಹಗ್ಗ, ಕುಡುಗೋಲು. ಎಷ್ಟು ಜೋಪಾನ ಮಾಡಿದರೂ ರಾಶಿಯಲ್ಲಿ ಒಂದೋ ಎರಡೋ ಕಾಯಿ ಬಿರುಕು ಬಿಟ್ಟು ಕೊಳೆಯುತ್ತದೆ, ಅದರ ನೀರು ಸಂದಿನಿಂದ ತೊಟ್ಟಿಕ್ಕುತ್ತದೆ. ಆ ನೀರಿನ ನಾತ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ, ಪಕ್ಕದ ಕಾಯಿಗೆ ತಗುಲಿದರೆ ಅದೂ ಕೆಡುತ್ತದೆ. ಅದಕ್ಕೇ ಮನೆಗೊಂದು ಕಟ್ಟುನಿಟ್ಟಿತ್ತು. ಮೊದಲ ಹನಿ ಯಾರ ಕಣ್ಣಿಗೆ ಬಿದ್ದರೂ, ಮಕ್ಕಳಾಗಲಿ ನೆಂಟರಾಗಲಿ, ನಿಂತಲ್ಲಿಂದಲೇ "ಕಾಯಿ ಸೋರ್ತೈತೆ!" ಎಂದು ಕೂಗಬೇಕು. ಅಪ್ಪ ಊಟದ ತಟ್ಟೆ ಬಿಟ್ಟಾದರೂ ಏಣಿ ಹತ್ತುತ್ತಿದ್ದ. ಮಾತು ಕಲಿಯುವ ಕೂಸುಗಳಿಗೂ ನಮ್ಮ ಕಡೆ ಆ ಕೂಗು ಬರುತ್ತದೆ. ಸೋರುವುದನ್ನು ನೋಡಿ ಸುಮ್ಮನಿದ್ದವರನ್ನು ನಾನು ಕಂಡಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಪರೀಕ್ಷೆ ಯುಗಾದಿ ಕಳೆದ ಮೇಲೆ ಎರಡು ವಾರಕ್ಕೆ ಎಂದು ಗೊತ್ತಾಯಿತು. ಹಬ್ಬಕ್ಕೆ ನಾಲ್ಕು ದಿನ ಗಂಡನ ಮನೆಗೆ ಹೊರಟ ರತ್ನಕ್ಕ ಬಸ್ಸಿನ ಅವಸರದಲ್ಲಿದ್ದಳು. ಅಮ್ಮ ಶಿಶುವಿಹಾರಕ್ಕೆ ಬೀಗ ಹಾಕಲು ಹೋಗಿದ್ದಳು. ರತ್ನಕ್ಕ ರೆಕಾರ್ಡಿನ ಕೈಚೀಲವನ್ನು ನನ್ನ ಕೈಗೆ ಕೊಟ್ಟಳು.

"ಬಸ್ನಾಗೆ ನೂಕಾಟ ಇರ್ತದೆ, ತಗೊಂಡೋದ್ರೆ ಹಾಳಾಯ್ತದೆ. ಟೀಚರಮ್ಮನ ಬೀರುನಾಗೆ ಜ್ವಾಪಾನವಾಗಿ ಇಟ್ಬುಡವ್ವ. ಬರ್ತಾ ನಿಂಗೆ ಬಳೆ ತತ್ತೀನಿ."

ಬೀರು ತೆಗೆಯಲು ಅಮ್ಮನನ್ನು ಕೀ ಕೇಳಬೇಕಿತ್ತು. ಬೇಸರವಾಗಿ, ಅಟ್ಟದ ಕೋಣೆಗೆ ಹೋಗಿ ಚೀಲವನ್ನು ರಾಗಿ ಪೆಟ್ಟಿಗೆಯ ಮೇಲೆ ಒಗೆದು ಬಂದೆ. ಅಷ್ಟರವರೆಗೆ ಅದು ಬರೀ ಸೋಮಾರಿತನ. ಮಾರನೆಯ ದಿನ ಒಬ್ಬಟ್ಟಿಗೆ ಬೆಲ್ಲ ತರಲು ಅಮ್ಮ ಕಳಿಸಿದಾಗ ನೋಡಿದೆ. ಚೀಲದ ಮೇಲೆ ಅಂಗೈಯಗಲ ಕಪ್ಪು ಒದ್ದೆ. ಮೇಲೆ ನೋಡಿದರೆ ಸಂದಿನಲ್ಲಿ ಒಂದು ಹನಿ ದಪ್ಪವಾಗುತ್ತಾ ಇತ್ತು. ಅದು ಬಿತ್ತು. ಬಾಯಿ ತೆರೆದೆ, ಕೂಗು ನಾಲಗೆಯ ತುದಿಯವರೆಗೂ ಬಂತು. ಆಗ ನಡುಮನೆಯಿಂದ ಅಮ್ಮ ಅಪ್ಪನಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ರತ್ನ ಇಲ್ದೆ ಮನೆ ಬಿಕೋ ಅಂತೈತೆ ಕಣ್ರೀ."

ನಾನು ಬಾಯಿ ಮುಚ್ಚಿಕೊಂಡೆ. ಬೆಲ್ಲ ತೆಗೆದುಕೊಂಡು, ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿ ಬಂದೆ. ಎರಡನೆಯ ದಿನ ನೋಡಿದೆ, ಮೂರನೆಯ ದಿನವೂ ನೋಡಿದೆ. ಕೋಣೆಯಿಂದ ಏನಾದರೂ ಬೇಕೆಂದರೆ "ನಾನ್ ತತ್ತೀನಿ" ಎಂದು ಓಡುತ್ತಿದ್ದೆ. ಅಮ್ಮ ಅಪ್ಪನ ಹತ್ತಿರ ಹುಡುಗಿಗೆ ಬುದ್ಧಿ ಬರುತ್ತಿದೆ ಎಂದು ಹೊಗಳಿದಳು. ಆ ಹೊಗಳಿಕೆಯನ್ನೂ ಬಿಡದೆ ಇಟ್ಟುಕೊಂಡೆ. ಊಟಕ್ಕೆ ಅಮ್ಮನ ಎಡಗಡೆ ಕೂತು ಒಬ್ಬಟ್ಟು ತಿಂದೆ. ಹಬ್ಬ ಬಹಳ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಬಾಲ್ಯದ ಒಳ್ಳೆಯ ಹಬ್ಬಗಳಲ್ಲಿ ಅದೊಂದು.

ನಾಲ್ಕನೆಯ ದಿನ ಮಧ್ಯಾಹ್ನ ರತ್ನಕ್ಕ ಬಂದಳು. ನನಗೆ ಹಸಿರು ಗಾಜಿನ ಬಳೆ ತೊಡಿಸಿ, ರೆಕಾರ್ಡು ಎಲ್ಲಿ ಎಂದು ಕೇಳಿದಳು. ನಾನು ಅಟ್ಟದ ಕೋಣೆಯ ಕಡೆ ಬೆರಳು ತೋರಿಸಿದೆ. ಬಾಗಿಲು ತೆಗೆದ ಕೂಡಲೇ ನಾತ ಹೊರಗೆ ನುಗ್ಗಿತು. ಅಮ್ಮ, ಅಪ್ಪ ಇಬ್ಬರೂ ಓಡಿಬಂದರು. ರತ್ನಕ್ಕ ಚೀಲವನ್ನು ನಡುಮನೆಯ ನೆಲದ ಮೇಲೆ ಬಿಚ್ಚಿದಳು. ಹಾಳೆಗಳು ಒಂದಕ್ಕೊಂದು ಅಂಟಿ ರೊಟ್ಟಿಯಂತಾಗಿದ್ದವು. ಅಮ್ಮನ ಕೆಂಪು ಶಾಯಿ, ಕೇಂದ್ರದವರ ನೀಲಿ ಸಹಿ ಎಲ್ಲ ಕಲಸಿಹೋಗಿದ್ದವು. ಬಿಡಿಸಲು ಹೋದರೆ ಹಾಳೆ ಕೈಗೆ ಬರುತ್ತಿತ್ತು.

"ಬೀರು ಬಿಟ್ಟು ಅಲ್ಲಿಗ್ಯಾಕೆ ಹೋಯ್ತು ಇದು? ಯಾರಿಟ್ಟಿದ್ದು?" ಅಂದಳು ಅಮ್ಮ.

ರತ್ನಕ್ಕ ನನ್ನ ಮುಖ ನೋಡಿದಳು. ಹಸಿರು ಬಳೆಯ ಕೈಯನ್ನು ನಾನು ಲಂಗದೊಳಗೆ ಮುಚ್ಚಿಕೊಂಡಿದ್ದೆ.

"ನಾನೇ ಟೀಚರಮ್ಮ. ಬಸ್ಸಿಗೆ ಹೊತ್ತಾಯ್ತು ಅಂತ ಪೆಟ್ಗೆ ಮ್ಯಾಲೆ ಇಟ್ಟೋದೆ."

"ಕಾಯಿ ಅಟ್ಟದ ಕೆಳಗೆ ಕಾಗದ ಇಡ್ತಾರೇನೇ? ತೆಂಗಿನ ಸೀಮೇಲೇ ಹುಟ್ಟಿದೋಳು ತಾನೆ ನೀನು? ಒಂದ್ ವರ್ಷದ ಕೆಲ್ಸ ಕಣೇ! ನಿಂಗೆ ಬುದ್ಧಿ ಯಾವಾಗ್ ಬತ್ತದೆ? ಹೇಳ್ ಹೇಳಿ ನನ್ ಬಾಯಿ ಬಿದ್ದೋಯ್ತು!"

ಅಮ್ಮ ರತ್ನಕ್ಕನನ್ನು ಬಯ್ಯುವುದು ಕೇಳಬೇಕೆಂದು ವರ್ಷವಿಡೀ ಹಾತೊರೆದಿದ್ದೆ. ಕೇಳಿದಾಗ ಖುಷಿಯಾಗಲಿಲ್ಲ. ನಿಂಗೆ ಬುದ್ಧಿ ಯಾವಾಗ ಬತ್ತದೆ, ನನ್ ಬಾಯಿ ಬಿದ್ದೋಯ್ತು, ಇವೆಲ್ಲ ನನಗೆಂದೇ ಇದ್ದ ಬೈಗುಳ. ಬೇರೆಯವರ ಮಕ್ಕಳಿಗೆ ಅಮ್ಮ ಎಂದೂ ಹಾಗೆ ಬಯ್ದವಳಲ್ಲ. ಬಯ್ದು ಬಯ್ದು ಕೊನೆಗೆ ಅಮ್ಮ ಅವಳ ಪಕ್ಕದಲ್ಲೇ ಕುಸಿದು ಕೂತು, ಇಬ್ಬರೂ ಒದ್ದೆ ಹಾಳೆಗಳ ಮುಂದೆ ಅತ್ತರು. ನನ್ನ ಪಾಲಿನ ಬೈಗುಳವೂ ಅವಳಿಗೆ ಹೋಯಿತಲ್ಲ ಎಂದು ನನಗೆ ಉರಿಯಿತು. ಅಷ್ಟು ಹೊತ್ತಿಗೆ ಅಪ್ಪ ಏಣಿ ಇಳಿದು ಬಂದ. ಒಂದು ಕಾಯಿಯಿಂದ ಆರು ಕಾಯಿ ಕೆಟ್ಟಿದ್ದವು.

"ಇದು ಇವತ್ತು ನಿನ್ನೆ ಸೋರಿರೋದಲ್ಲ. ಮೂರ್ನಾಕ್ ದಿನ ಆಗೈತೆ. ಬೆಲ್ಲ ತರಕ್ಕೆ ಹೋಗ್ತಿದ್ಯಲ್ಲಮ್ಮ, ನೋಡ್ಲಿಲ್ವಾ?" ಎಂದು ನನ್ನನ್ನು ಕೇಳಿದ.

"ಇಲ್ಲಪ್ಪ," ಅಂದೆ.

ಉಳಿದ ದಿನಗಳಲ್ಲಿ ಅವರಿಬ್ಬರೂ ರೆಕಾರ್ಡನ್ನು ಮೊದಲಿನಿಂದ ಬರೆದರು. ಅಮ್ಮ ನೆನಪಿನಿಂದ ಹೇಳುತ್ತಿದ್ದಳು, ರತ್ನಕ್ಕ ಬರೆಯುತ್ತಿದ್ದಳು. ಗರಿ ಕತ್ತರಿಸುವುದು, ಗೋಂದು ಹಚ್ಚುವುದು ನನ್ನ ಕೆಲಸ. ಪರೀಕ್ಷೆ ನಮ್ಮೂರ ಶಿಶುವಿಹಾರದಲ್ಲೇ ನಡೆಯಿತು. ತಿಪಟೂರಿನಿಂದ ಬಂದ ಪರೀಕ್ಷಕಿ ಹಿಂದಿನ ಬೆಂಚಿನ ಮೇಲೆ ಕೂತರು, ನಾನು ಬಾಗಿಲ ಹೊರಗೆ ನಿಂತು ನೋಡಿದೆ. ರತ್ನಕ್ಕನ ಪಾಠ ಎಷ್ಟು ಸೊಗಸಾಗಿತ್ತೆಂದರೆ ನಲವತ್ತು ಮಕ್ಕಳೂ ಕಾಯಣ್ಣನ ಹಾಡಿಗೆ ತಲೆ ಕುಲುಕಿಸಿದವು, ಪರೀಕ್ಷಕಿಯೂ ನಕ್ಕರು. ಆಮೇಲೆ ರೆಕಾರ್ಡು ಕೇಳಿದರು. ತಿರುವಿ ಹಾಕಿದರು. ನಗು ಹೋಯಿತು.

"ಪಾಠ ತುಂಬ ಚೆನ್ನಾಗಿತ್ತಮ್ಮ. ಆದ್ರೆ ಇದು ಹೋದ ವಾರ ಬರ್ದಿರೋದು ಅಂತ ನೋಡಿದ್ರೇ ಗೊತ್ತಾಗುತ್ತೆ. ತಿಂಗಳು ತಿಂಗಳು ಹಾಕಿದ ಸಹಿ ಎಲ್ಲಿ?"

ಅಮ್ಮ ಕೊಳೆತ ಹಳೆಯ ಹಾಳೆಗಳನ್ನು ಒಣಗಿಸಿ ಕಟ್ಟಿ ತಂದಿದ್ದಳು. ಪರೀಕ್ಷಕಿ ಮೂಗಿಗೆ ಸೆರಗು ಹಿಡಿದು ಒಂದೆರಡು ಹಾಳೆ ನೋಡಿ, ಇದರಲ್ಲಿ ಸಹಿ ಕಾಣುವುದಿಲ್ಲ, ಕೇಂದ್ರದವರು ಬಾಯಲ್ಲಿ ಹೇಳಿದರೂ ನಿಯಮ ಒಪ್ಪುವುದಿಲ್ಲ, ತಾನು ಏನೂ ಮಾಡುವಂತಿಲ್ಲ ಎಂದರು. ಅಮ್ಮ ಕೈಮುಗಿದಳು. ಅಮ್ಮ ಒಬ್ಬರ ಮುಂದೆ ಹಾಗೆ ಕೈಮುಗಿದು ನಿಂತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ರತ್ನಕ್ಕ ಫೇಲಾದಳು.

ಕಂದಿಕೆರೆಯ ಕೆಲಸ ಆ ವರ್ಷವೇ ಬೇರೊಬ್ಬಳಿಗೆ ಹೋಯಿತು. ಹೇಳಿದ್ದ ಒಂದು ವರ್ಷವೂ ಮುಗಿದಿತ್ತು, ಅತ್ತೆ ಸೊಸೆಯನ್ನು ಕರೆಸಿಕೊಂಡರು. ನನ್ನ ಜಾಗ ನನಗೆ ಬಂತು. ಅದೂ ಹದಿನೈದೇ ದಿನ. ನನ್ನ ಶಾಲೆಯ ಹೊಸಿಲು ಒಮ್ಮೆಯೂ ತುಳಿಯದ ಅಮ್ಮ ಮೂರು ಬಸ್ಸು ಬದಲಿಸಿ ಕಂದಿಕೆರೆಗೆ ಹೋದಳು, ಅವರ ಜಗುಲಿಯ ಮೇಲೆ ಬೆಳಗಿನಿಂದ ಸಂಜೆವರೆಗೆ ಕೂತಳು, ಇನ್ನೊಂದು ವರ್ಷ ಕೊಡಿ ಎಂದು ಕೇಳಿ, ರತ್ನಕ್ಕನನ್ನು ಬಟ್ಟೆಯ ಗಂಟಿನ ಸಮೇತ ಕರೆದುಕೊಂಡು ಬಂದಳು. ಅವಳು ತೊಲಗಲಿ ಎಂದು ನಾನು ಮಾಡಿದ ಕೆಲಸಕ್ಕೆ ಅವಳು ಇನ್ನೂ ಒಂದು ವರ್ಷ ಪೂರ್ತಿ ಅಮ್ಮನ ಎಡಗಡೆ ಕೂತು ಉಂಡಳು.

ಆದರೆ ಎರಡನೆಯ ವರ್ಷ ಮೊದಲನೆಯದರಂತಿರಲಿಲ್ಲ. ರತ್ನಕ್ಕ ಏನು ಎತ್ತಿಟ್ಟರೂ ಅಮ್ಮ "ಎಲ್ಲಿಟ್ಟೆ? ತೋರ್ಸು" ಎನ್ನುತ್ತಿದ್ದಳು. ರೆಕಾರ್ಡನ್ನು ಅಮ್ಮನೇ ಬೀರುವಿನಲ್ಲಿಟ್ಟು ಕೀ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಕಾಯಣ್ಣನ ಹಾಡಿಗೆ ಅಮ್ಮ ಮತ್ತೆ ನಗಲಿಲ್ಲ. ರತ್ನಕ್ಕ ಆ ಸಲ ಪಾಸಾದಳು, ಹಾಲ್ಕುರಿಕೆಯಲ್ಲಿ ಕೆಲಸ ಸಿಕ್ಕಿತು. ಕಂದಿಕೆರೆಯಿಂದ ದಿನಾ ನಸುಕಿಗೆ ಎದ್ದು ಬಸ್ಸು ಹಿಡಿದು ಹೋಗಿ, ಕತ್ತಲಾಗುವಾಗ ಮನೆ ಸೇರುತ್ತಿದ್ದಳಂತೆ, ನಿವೃತ್ತಿಯಾಗುವವರೆಗೂ. ಅವಳ ಸುದ್ದಿ ಬಂದಾಗಲೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದಳು. "ರತ್ನನಂಥ ಟೀಚರು ಸಿಗಲ್ಲ. ಆದ್ರೆ ಜ್ವಾಪಾನ ಸಾಲ್ದು." ಆ 'ಆದ್ರೆ' ನನ್ನ ಆಸ್ತಿ. ಅಮ್ಮನಿಂದ ಕಲಿತು ಟೀಚರಾದ ಹೆಂಗಸರು ಹತ್ತಾರು ಮಂದಿ, ಅವರಲ್ಲಿ ಮೊದಲನೆಯವಳು ರತ್ನಕ್ಕ, ಅವಳ ಹೆಸರಿಗೆ ಅಂಟಿದ ಆ ಒಂದು ಮಾತನ್ನು ನಲವತ್ತು ವರ್ಷ ಕಿವಿ ತುಂಬ ಕೇಳಿ ಸುಮ್ಮನಿದ್ದೆ. ನಾನೂ ಇದೇ ಕೆಲಸಕ್ಕೆ ಬಂದೆ. ತಿಪಟೂರಿನಲ್ಲಿ ಶಿಶುವಿಹಾರದ ಹೊಸ ಟೀಚರುಗಳಿಗೆ ಮಾರ್ಗದರ್ಶನ ಮಾಡುತ್ತೇನೆ, ಅವರ ರೆಕಾರ್ಡಿಗೆ ಸಹಿ ಹಾಕುತ್ತೇನೆ. ಅಳುವ ಮಗುವಿನ ಮುಂದೆ ಹೇಗೆ ಕೂರಬೇಕೆಂದು ತೋರಿಸಿಕೊಡುವಾಗ, ಅದನ್ನು ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ನಮ್ಮಮ್ಮನಿಂದ ಎನ್ನುತ್ತೇನೆ. ನನಗೆ ಕಲಿಸಿದ್ದಲ್ಲ ಎಂದು ಹೇಳುವುದಿಲ್ಲ.

ಹೋದ ತಿಂಗಳು ಹುಡುಗಿಯೊಬ್ಬಳು ನೀರು ಬಿದ್ದು ಉಬ್ಬಿದ ರೆಕಾರ್ಡು ತಂದಳು. ಯಾರ ಅಜಾಗರೂಕತೆ ಎಂದು ಕೇಳಿದೆ. "ನಂದೇ ಮೇಡಂ," ಅಂದಳು. ಅವಳು ಯಾರ ತಪ್ಪನ್ನು ಹೊತ್ತುಕೊಂಡಿದ್ದಾಳೋ ಎಂದು ಮುಖವನ್ನೇ ನೋಡುತ್ತಾ ಕೂತುಬಿಟ್ಟೆ. ಆ ಭಾನುವಾರ ಕಂದಿಕೆರೆಗೆ ಹೋದೆ. ರತ್ನಕ್ಕ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಜಡೆ ಬೆಳ್ಳಗಾಗಿದೆ, ಉದ್ದ ಹಾಗೇ ಇದೆ. ರೆಕಾರ್ಡು ಹಾಳಾದದ್ದು ನನ್ನಿಂದ ಎಂದು ಸುತ್ತಿ ಬಳಸದೆ ಹೇಳಿಬಿಟ್ಟೆ.

"ಇಟ್ಟಿದ್ದು ನೀನು ಅಂತ ಗೊತ್ತಿತ್ತಲ್ಲ. ಮಗೀನ್ ಕೆಲ್ಸ ಅಂತ ನಾನ್ ಒಪ್ಕೊಂಡೆ," ಅಂದಳು ರತ್ನಕ್ಕ. ಆಮೇಲೆ ಕೈ ನಿಲ್ಲಿಸಿದಳು. "ಸೋರೋದ್ ನೋಡಿದ್ಯಾ?"

"ನೋಡಿದ್ದೆ."

"ಎಷ್ಟ್ ದಿನ?"

"ಮೂರು ದಿನ, ರತ್ನಕ್ಕ."

ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಹೋಗಿಬಿಡಲೇ ಎಂದುಕೊಳ್ಳುವಾಗ ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟಳು. ಕಾಫಿ ಕೊಡಲಿಲ್ಲ.

"ಈ ಊರ್ ಕೆಲ್ಸ ಹೋಗಿದ್ದು ಬುಡು, ಅದ್ನ ನಾನು ಮರ್ತೆ. ಬಸ್ಸಲ್ಲಿ ಓಡಾಡಿದ್ದೂ ಮರ್ತೆ. ಟೀಚರಮ್ಮನ ಬಾ‍ಯ್ನಾಗೆ ನಾನು ಜ್ವಾಪಾನ ಇಲ್ದೋಳು ಆಗೋದ್ನಲ್ಲ, ಅದೊಂದು ಮರೀಲಿಲ್ಲ ಗಿರಿಜಾ. ಹಾಲ್ಕುರಿಕೇಲಿ ಒಂದ್ ಚೂರು ಕಾಗದ ಎತ್ತಿಡ್ಬೇಕಾದ್ರೂ ಅವ್ರು ಹಿಂದೆ ನಿಂತು ನೋಡ್ದಂಗೆ ಆಗೋದು. ನೀನಾದ್ರೆ ಮಗಳು, ಏನ್ ಮಾಡಿದ್ರೂ ಅವ್ರ ಮಗಳೇ. ನಂಗೆ ಅವ್ರತ್ರ ಇದ್ದಿದ್ದು ಆ ಒಳ್ಳೆ ಹೆಸ್ರೊಂದೇ. ನಿನ್ ನೋಡಿ ಎಷ್ಟ್ ಹೊಟ್ಟೆ ಉರ್ಕೊಂಡಿವ್ನಿ ಗೊತ್ತಾ?"

ನನ್ನನ್ನು ನೋಡಿ ಯಾರಾದರೂ ಹೊಟ್ಟೆ ಉರಿದುಕೊಳ್ಳಬಹುದೆಂಬುದು ಈ ವಯಸ್ಸಿನವರೆಗೂ ನನ್ನ ತಲೆಗೆ ಬಂದಿರಲಿಲ್ಲ.

"ನಂಗೇನೂ ಬ್ಯಾಡ ನಿನ್ ತಪ್ಪೊಪ್ಪಿಗೆ," ಅಂದಳು. "ಅವ್ರಿಗೆ ಹೇಳು. ಇವತ್ತೇ ಹೇಳು."

ಅಮ್ಮ ಈಗ ನನ್ನ ಜೊತೆ ತಿಪಟೂರಿನಲ್ಲಿದ್ದಾಳೆ. ಕಣ್ಣು ಮಂದವಾಗಿದೆ, ಕಿವಿ ಚುರುಕು. ದಿನಾ ಊಟಕ್ಕೆ ನಾವಿಬ್ಬರೇ, ಮೇಜಿನ ಯಾವ ಕಡೆ ಬೇಕಾದರೂ ಕೂರಬಹುದು. ದಾರಿಯುದ್ದಕ್ಕೂ ಹೇಳದೆ ಇರಲು ಕಾರಣ ಹುಡುಕಿದೆ. ವಯಸ್ಸಾಗಿದೆ, ಈಗೇಕೆ ನೋಯಿಸುವುದು, ಎಂದೆಲ್ಲ. ನಿಜವಾದ ಕಾರಣ ಅದಲ್ಲ ಎಂದು ನನಗೇ ಗೊತ್ತಿತ್ತು. ಹೇಳಿದರೆ ಆ 'ಆದ್ರೆ' ಹೋಗುತ್ತದೆ, ಹೋದರೆ ರತ್ನಕ್ಕನ ಮುಂದೆ ನನಗೆ ಏನೂ ಉಳಿಯುವುದಿಲ್ಲ. ಮನೆಗೆ ಬಂದು, ಕಾಲು ತೊಳೆದು, ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬೆಲ್ಲ ತರಲು ಓಡಿದ್ದು, ಚಿಲಕ ಹಾಕಿದ್ದು, ಅಪ್ಪನಿಗೆ ಇಲ್ಲ ಎಂದದ್ದು. ಅಮ್ಮ ನನ್ನನ್ನು ಬಯ್ಯಲಿಲ್ಲ. ಯಾಕೆ ಮಾಡಿದೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವಳು ಕೈ ಚಾಚಿದಳು.

"ಫೋನ್ ಹಾಕ್ಕೊಡು ರತ್ನಂಗೆ."

ಹಾಕಿ ಕೊಟ್ಟೆ.

"ನೀನು ಆಚೆ ಹೋಗು. ಬಾಗ್ಲು ಮುಂದಕ್ಕೆ ಎಳ್ಕೋ."

ನಾನು ಆಚೆ ಬಂದು ಬಾಗಿಲ ಹತ್ತಿರವೇ ನಿಂತೆ. ಆಮೇಲೆ ಅಮ್ಮ ಅಳುವುದು ಕೇಳಿಸಿತು. ಅಳುತ್ತಲೇ, "ತಪ್ಪಾಯ್ತು ಕಣೇ ರತ್ನ, ನಂದು ತಪ್ಪಾಯ್ತು ಮಗಳೇ," ಎಂದಳು, ಮತ್ತೆ ಅದನ್ನೇ ಎರಡು ಸಲ ಹೇಳಿದಳು. ಐವತ್ತು ದಾಟಿದ ನಾನು ನನ್ನ ಮನೆಯ ಬಾಗಿಲ ಹೊರಗೆ ನಿಂತಿದ್ದೆ. ಅಮ್ಮ ನನಗೆ ಆ ಮಾತನ್ನು ಒಮ್ಮೆಯೂ ಹೇಳಿಲ್ಲ.